ನಾನೂರು ಗ್ರಾಂ

ನರಿನ್ ಊರಿನ ಜಿಮ್ಮಿನಲ್ಲಿ, ರಾತ್ರಿ ಎಂಟಕ್ಕೆ,
ತಕ್ಕಡಿ ಐಝಿರೆಕ್ ಮೇಲೆ ಚಾಡಿ ಹೇಳಿತು:
ನಾನೂರು ಗ್ರಾಂ ಹೆಚ್ಚು.

ಹಬೆಮನೆ ಬೇಡ, ಎಂದಳು ಕೋಚ್ ಬುರುಲ್ಚಾ,
ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವುದೂ ಬೇಡ.
ನನ್ನ ಕಾಲದಲ್ಲಿ ಒಬ್ಬಳು ಬೆವರುತ್ತ ಬೆವರುತ್ತ
ಬೆಂಚಿನ ಮೇಲೇ ಒರಗಿದಳು.
ಅವಳನ್ನು ಮತ್ತೆ ಯಾರೂ ತೂಗಲಿಲ್ಲ.

ಉಪ್ಪು ಬಿಡು. ರೊಟ್ಟಿ ನಾಳೆ.
ಒಂದು ಮೊಟ್ಟೆ, ಗುಟುಕು ಗುಟುಕು ನೀರು, ನಿದ್ದೆ.
ಉಸಿರಿಗೂ ತೂಕ ಇದೆ ಹುಡುಗಿ,
ರಾತ್ರಿಯಿಡೀ ಅದು ತಾನೇ ಹೊರಹೋಗುತ್ತೆ.

ಹಾಸ್ಟೆಲಿನ ಕಿಟಕಿಗೆ ಬೆಳಗಿನ ಹೊತ್ತಿಗೆ
ಒಳಗಿನಿಂದ ಮಂಜು ಕಟ್ಟಿತ್ತು.
ಐಝಿರೆಕ್ ಬೆರಳಿಂದ ಅದರ ಮೇಲೆ
ತನ್ನ ಹೆಸರು ಬರೆದಳು,
ಐವತ್ಮೂರು ಎಂದೂ.
ತಕ್ಕಡಿಗೆ ಹೋಗುವ ದಾರಿಯಲ್ಲಿ
ಜೇಬಿನ ಒಣ ಏಪ್ರಿಕಾಟ್ ಮುಟ್ಟಿ ಮುಟ್ಟಿ ನೋಡಿದಳು:
ಇನ್ನು ಹತ್ತು ನಿಮಿಷ.