ಮೂಗಿನ ನೇರಕ್ಕೆ

ಹತ್ತು ಸಾವಿರ ಅಡಿ ಎತ್ತರದ ಊರು ಈ ಲೆಡ್‌ವಿಲ್.
ಇಲ್ಲಿ ಬೆಂಕಿಕಡ್ಡಿಯೂ ಒಂದು ಸಲ ಯೋಚಿಸಿಯೇ ಹತ್ತಿಕೊಳ್ಳುತ್ತದೆ.
ಮಾರ್ಚ್ ತಿಂಗಳು. ಗ್ಯಾರೇಜಿನ ಬಾಗಿಲಿಗೆ
ಮೊಣಕಾಲೆತ್ತರ ಹಿಮ ಒರಗಿತ್ತು
ಝಾಲೆಟೆಲ್ಲರ ಹುಡುಗ ಟ್ರಕ್ ತಂದು ನಿಲ್ಲಿಸಿದಾಗ.

ಬರುವ ಮೊದಲೇ ಬಂದಿತ್ತು ಸದ್ದು.
ಕಿಟಕಿಯ ಗಾಜು, ನಟ್ಟು ತುಂಬಿದ ಡಬ್ಬ, ನನ್ನ ಕಟ್ಟಿಸಿದ ಹಲ್ಲು
ಮೂರೂ ಒಟ್ಟಿಗೆ ನಡುಗಿದವು.

"ಡೆಲ್ಫೀನಾ, ಒಂದು ಹಳದಿ ದೀಪ, ಅಷ್ಟೇ. ಆರಿಸಿ ಕೊಡು."
ಪಕ್ಕದ ಸೀಟಿನಲ್ಲಿ ಅವನಪ್ಪ ಲುಡ್ವಿಕ್,
ಮೂಗಿಗೆ ಎರಡೆಳೆ ಕೊಳವೆ, ತೊಡೆಯ ಮೇಲೆ ಸಿಲಿಂಡರು,
ಮಗುವನ್ನು ಕೂರಿಸಿಕೊಂಡ ಹಾಗೆ.

ಮುದುಕನನ್ನು ಒಲೆಯ ಬಳಿ ಕೂರಿಸಿ, ಗಾಡಿ ಎತ್ತಿ ಕೆಳಗೆ ಹೋದೆ.
ಮಫ್ಲರ್ ಇಲ್ಲ.
ಹೊಗೆಯ ಕೊಳೆ ತೊಳೆಯುವ ಜೇನುಗೂಡಿನ ಡಬ್ಬವೂ ಇಲ್ಲ.
ಎಂಜಿನ್ನಿನಿಂದ ಬಾಲದವರೆಗೆ ಒಂದೇ ನೆಟ್ಟನೆಯ ಕೊಳವೆ,
ಲಾನಿಯೇ ಬೆಸೆದದ್ದು. ಬೆಸುಗೆಯೋ
ಆರಿದ ಗಂಜಿಯ ಹಾಗೆ ಗಂಟು ಗಂಟು.

ಸೆನ್ಸರುಗಳು ಎರಡು. ಹೆಬ್ಬೆರಳಿನಷ್ಟು ಮೂಗುಗಳು.
ಮುಂದಿನದರ ಪಕ್ಕದಲ್ಲೇ ಬೆಸುಗೆಗೆ ಸೂಜಿಮೊನೆಯ ತೂತು.
ಹೊಗೆ ಹೊರಗೆ ದುಮುಕುತ್ತದೆ ಅಂದುಕೊಳ್ಳುತ್ತೀರಿ. ನಿಜ.
ಆದರೆ ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವೆ
ಕೊಳವೆ ಒಳಗೆಳೆದುಕೊಳ್ಳುತ್ತದೆ, ಊರಿನ ಗಾಳಿಯನ್ನು, ಕದ್ದು.
ಮೂಗು ಕೂಗುತ್ತದೆ: ಗಾಳಿ ಹೆಚ್ಚಾಯಿತು, ಎಣ್ಣೆ ಬಡಿಸು!
ಕಂಪ್ಯೂಟರ್ ನಂಬುತ್ತದೆ, ಬಡಿಸುತ್ತದೆ,
ಹೊಟ್ಟೆ ತುಂಬಿದ್ದಕ್ಕೇ ಮತ್ತೆ ಮತ್ತೆ ಬಡಿಸುತ್ತದೆ.
ಬಾಲದ ತುದಿಯಲ್ಲಿ ಕಾಡಿಗೆಯಂಥ ಮಸಿ.

ಹಿಂದಿನ ಮೂಗಿಗೆ ಬೇರೆಯೇ ಸಂಕಟ.
ತೊಳೆದ ಹೊಗೆಯನ್ನು ನೋಡಿ ಸುಮ್ಮನಿರಬೇಕಾದ್ದು ಅದರ ಕೆಲಸ.
ಈಗ ಕಚ್ಚಾ ಹೊಗೆ ಮುಖಕ್ಕೇ ರಾಚುತ್ತಿದೆ.
ಅದು ತನ್ನ ಮೂಗಿನ ನೇರಕ್ಕೇ ಮಾತಾಡಿತು,
ದೀಪ ಹತ್ತಿತು.
ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ, ಅಲ್ಲವೇ.

"ಒಂದು ತುಂಡು ಇದೆಯಂತೆ," ಅಂದ ಲಾನಿ, ದನಿ ತಗ್ಗಿಸಿ,
"ಹಿತ್ತಾಳೆಯದು, ಬೆರಳುದ್ದ. ನಡುವೆ ತಿರುಗಿಸಿಟ್ಟರೆ
ಸೆನ್ಸರು ಹೊಗೆಯಿಂದ ಹಿಂದೆ ಸರಿದು ಕೂರುತ್ತದೆ.
ಅದಕ್ಕೇನೂ ಕಾಣುವುದಿಲ್ಲ.
ಎಲ್ಲ ಸರಿಯಿದೆ ಅನ್ನುತ್ತದೆ."

ಒಲೆಯ ಬಳಿಯಿಂದ ನಗು ಬಂತು.
ನಗುವೋ ಕೆಮ್ಮೋ, ಆ ಮನುಷ್ಯನಲ್ಲಿ ಈಗ ಬೇರ್ಪಡಿಸಲಾಗದು.

"ನಮಗೂ ಕೊಟ್ಟಿದ್ದರು ಮಗಾ,
ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ಪಂಪು,
ಗಣಿಯ ಧೂಳು ಅಳೆಯಲು.
ಕ್ಯಾಂಟೀನಿನಲ್ಲಿ ಬಿಟ್ಟು ಇಳೀರಿ ಅಂದ ಮೇಸ್ತ್ರಿ.
ಕಾಫಿ ಕೆಟಲಿನ ಹಿಂದಿನ ಮೊಳೆಗೆ
ಎಂಟೂ ಗಂಟೆ ನೇತುಹಾಕಿದೆವು.
ದಿನವೆಲ್ಲ ಅದು ಕಾಫಿಯ ವಾಸನೆ ಕುಡಿಯಿತು.
ಅಂಕಿಗಳು ಬಂದವು ನೋಡು,
ಎಷ್ಟು ಚೆಂದದ ಅಂಕಿಗಳು!
ಬೋನಸ್ಸೂ ಬಂತು. ನಿನಗೆ ಸೈಕಲ್ ಕೊಂಡದ್ದು ಅದರಲ್ಲೇ."

ತೋರುಬೆರಳಿಗೆ ಕಚ್ಚಿಕೊಂಡ ಚಿಮಟವನ್ನು
ನಮ್ಮಿಬ್ಬರ ಕಡೆ ತಿರುಗಿಸಿ ತೋರಿಸಿದ.
ಎಂಬತ್ತನಾಲ್ಕು. ಕೆಂಪಾಗಿ. ಮಿನುಗುತ್ತ.

ಯಾರೂ ಏನೂ ಅನ್ನಲಿಲ್ಲ.
ನಾನು ಸೂಜಿಮೊನೆಯ ತೂತನ್ನು ಬೆಸೆದೆ.
ಲಾನಿ ಟಾರ್ಚ್ ಹಿಡಿದ, ಒಮ್ಮೆಯೂ ಕೈ ಅಲುಗಿಸದೆ.
ಹೊಸ ಜೇನುಗೂಡಿಗೆ ಒಂಬೈನೂರು ಡಾಲರು, ಅವನ ಬಳಿ ಇರಲಿಲ್ಲ.
ಹಿತ್ತಾಳೆಯ ತುಂಡು, ಹೇಳಿಬಿಡುತ್ತೇನೆ,
ನನ್ನ ಮೂರನೆಯ ಡ್ರಾಯರಿನಲ್ಲಿ ನಾಲ್ಕಿದ್ದವು.
ಎಷ್ಟೋ ಜನರಿಗೆ ಹಾಕಿಕೊಟ್ಟಿದ್ದೇನೆ.
ಅವತ್ತು ಡ್ರಾಯರು ತೆರೆಯಲಿಲ್ಲ.

ಕತ್ತಲಾಗುತ್ತಿತ್ತು ಅವರು ಹೊರಟಾಗ.
ಊರೆಲ್ಲ ನಡುಗಿಸುತ್ತ ಟ್ರಕ್ ಇಳಿಜಾರು ಹಿಡಿಯಿತು.
ಮುಂದೆ ಕೂತ ಇಬ್ಬರ ಗಲ್ಲದ ಮೇಲೂ
ಆರದೆ ಉಳಿದಿತ್ತು
ಆ ಹಳದಿ.