ನೀಲಿ ಟೊಮೇಟೊ

ಕುತೈಸಿಯಲ್ಲಿ, ರಿಯೋನಿ ನದಿಯ ಸದ್ದು ಕೇಳುವಷ್ಟು ಹತ್ತಿರ,
ಮುಚ್ಚಿದ ಗಿರಣಿಯ ಹಿಂಬದಿಗೆ ನಮ್ಮ ಬೀಜದ ಕಂಪನಿ.
ನಲವತ್ತೊಂದು ಜನ, ಎರಡು ಬೆಕ್ಕು,
ಚಿತ್ರ ಬರೆಯುವವಳು ನಾನೊಬ್ಬಳೇ.
ಹುದ್ದೆಯ ಹೆಸರು ಗ್ರಾಫಿಕ್ ಡಿಸೈನರ್.
ಗೋದಾಮಿನ ನೋದಾರ್ ಕರೆಯುವುದು ಸೌತೆಕಾಯಿಯವಳು ಅಂತ.
ಮೊದಲ ವಾರ ಬರೆದದ್ದು ಅದನ್ನೇ, ಹನ್ನೊಂದು ಸಲ.

ಬೆಳಗಾದರೆ ಬಣ್ಣದ ಜೊತೆ ಜಗಳ.
ಬದನೆಯ ನೇರಳೆ ಪರದೆಯ ಮೇಲೆ ರಾಣಿ,
ಕಾಗದಕ್ಕಿಳಿದರೆ ಪೆಟ್ಟು ಬಿದ್ದ ಮೊಣಕಾಲು.
ಅಚ್ಚುಮನೆಗೆ ಫೋನು: "ಜುಂಬೆರ್, ಒಂದು ಹಿಡಿ ಕೆಂಪು ಹಾಕು."
"ಹಿಡಿಯಲ್ಲ ತಾಯಿ, ಶೇಕಡಾ ಹೇಳು."
"ನಾಲ್ಕು."
"ಮೂರು."
ಮೂರೂವರೆಗೆ ಇಬ್ಬರಿಗೂ ಗೆಲುವು.

ನಮ್ಮ ಬರಹದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ.
ಎಲ್ಲವೂ ದುಂಡಗೆ, ಕೊಕ್ಕೆ ಕೊಕ್ಕೆಯಾಗಿ,
ಪಕ್ಕದವರ ಹೆಗಲಿಗೆ ಕೈ ಹಾಕಿ ನಿಂತ ಬಳ್ಳಿಗಳು.
ಲೋಬಿಯೊ, ಅಂದರೆ ನಮ್ಮ ಹುರುಳಿಕಾಯಿ,
ಅದನ್ನು ಬರೆಯುವಾಗ ಮೊದಲಕ್ಷರದ ಉಬ್ಬುಗಳಲ್ಲಿ
ಕಾಳು ಎಣಿಸಿ ನೋಡುತ್ತೇನೆ. ಸರಿ ಇರುತ್ತದೆ.

ಮಧ್ಯಾಹ್ನದ ಮೇಲೆ ಬಾಗಿಲು ಅರ್ಧ ತೆರೆಯುತ್ತದೆ.
ಲೆಕ್ಕದ ತ್ಸಿಯಾಲಾಗೆ ಮೊಮ್ಮಗನ ದೀಕ್ಷಾಸ್ನಾನದ ಕರೆಯೋಲೆ,
"ಐದೇ ನಿಮಿಷದ್ದು."
ಎಲ್ಲರದ್ದೂ ಐದೇ ನಿಮಿಷದ್ದು.
ಅಡುಗೆಮನೆಗೊಂದು ಚೀಟಿ: ನಿಮ್ಮ ಲೋಟ ನೀವೇ ತೊಳೆಯಿರಿ.
ತೊಳೆಯದ ಲೋಟಗಳಲ್ಲಿ ಒಂದು ನನ್ನದು.
ಯಜಮಾನ ಬದ್ರಿ ಬಂದು, "ನಮ್ಮ ಹೆಸರು ಚೂರು ದೊಡ್ಡದಾಗಲಿ."
ಹೂಂ ಎಂದು ಸುತ್ತಲಿನದನ್ನು ಚೂರು ಕುಗ್ಗಿಸುತ್ತೇನೆ.
ಅವರಿಗೆ ಖುಷಿ. ಇದು ಆರನೇ ವರ್ಷ.

ತ್ಬಿಲಿಸಿಯಿಂದ ಥಿಯೋನಾ ಬರೆದಿದ್ದಳು:
ಅದೇ ಕಂಪನಿ, ಅದೇ ತರಕಾರಿ, ಬೇಸರ ಬರಲ್ವೇನೇ?
ನಮ್ಮಲ್ಲಿಗೆ ಬಾ, ಸೋಮವಾರ ಬ್ಯಾಂಕು, ಬುಧವಾರ ವೈನು.
ಉತ್ತರಿಸಲು ಕೂತೆ. ಅಷ್ಟರಲ್ಲಿ ಸಬ್ಬಸಿಗೆ ಬಂತು,
ಹೊಸ ತಳಿ, ಎಲೆ ಕೂದಲಿನಷ್ಟು ಸಣ್ಣ,
ಒಂದೊಂದೇ ಎಳೆ ಬಿಡಿಸುತ್ತ ಬಿಡಿಸುತ್ತ
ಬೆಕ್ಕು ಬಂದು ಕೀಲಿಮಣೆಯ ಮೇಲೆ ಮಲಗಿದಾಗಲೇ ಗೊತ್ತಾದದ್ದು ಕತ್ತಲಾಯಿತೆಂದು.
ಉತ್ತರ ಇನ್ನೂ ಅರ್ಧಕ್ಕೆ ನಿಂತಿದೆ.

ಒಮ್ಮೆ ಖೋನಿಯಿಂದ ಮುದುಕರೊಬ್ಬರು ಬಸ್ಸು ಹಿಡಿದು ಬಂದು
ನನ್ನ ಮೇಜಿನ ಮೇಲೆ ಚೀಲ ಸುರಿದರು. ಕ್ಯಾರೆಟ್ಟು,
ಎರಡು ಕಾಲಿನವು, ಮೂರು ಕಾಲಿನವು,
ಒಂದಂತೂ ಕಾಲ ಮೇಲೆ ಕಾಲು ಹಾಕಿಕೊಂಡದ್ದು.
"ಚಿತ್ರ ಬರೆದವಳು ನೀನೇನು? ನನ್ನ ಮಣ್ಣು ನೋಡಿದ್ದೀಯಾ?
ಬರೀ ಕಲ್ಲು."
ನೋಡಿರಲಿಲ್ಲ. ಚಹಾ ಕೊಟ್ಟೆ.
ಒಂದನ್ನು ತೊಳೆದು ಕಚ್ಚಿದೆ, ಸಿಹಿ, ಹಾಗಂತ ಹೇಳಿಯೂ ಹೇಳಿದೆ.
ಮುಂದಿನ ಅಚ್ಚಿನಲ್ಲಿ ನೆಟ್ಟಗಿನ ನಾಲ್ಕರ ನಡುವೆ
ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ ಒಬ್ಬ.
ಬದ್ರಿ ಗಮನಿಸಲಿಲ್ಲ. ಹೆಸರು ಸಾಕಷ್ಟು ದೊಡ್ಡದಿತ್ತು.

ಭಾನುವಾರ ಸೈಕಲ್ಲು ಹತ್ತಿ ಊರಾಚೆ ಹೋದರೆ
ಬೇಲಿಗಳೊಳಗೆ ಪ್ರತಿ ಸಾಲಿನ ತಲೆಗೂ ಒಂದು ಕಡ್ಡಿ,
ಕಡ್ಡಿಯ ತುದಿಗೆ ಬೋರಲಾಗಿ ಸಿಕ್ಕಿಸಿದ ನನ್ನ ಪೊಟ್ಟಣ,
ಖಾಲಿ, ಮೇಲೊಂದು ಬಸವನಹುಳು.
ಬಿಸಿಲಿಗೆ ಮೊದಲು ಹೋಗುವುದು ಹಳದಿ, ಅದರ ಹಿಂದೆಯೇ ಕೆಂಪು.
ಜುಂಬೆರ್ ಜೊತೆ ಕಾದಾಡಿ ತಂದ ಮೂರೂವರೆ
ಜೂನು ದಾಟುವುದಿಲ್ಲ.

ಹೋದ ಆಗಸ್ಟಿನಲ್ಲಿ ಒಂದು ಬೇಲಿಯ ಪಕ್ಕ ನಿಂತಿದ್ದೆ.
ಪೊಟ್ಟಣದಲ್ಲಿ ಉಳಿದದ್ದು ನೀಲಿ ಟೊಮೇಟೊ, ಕಪ್ಪು ಅಕ್ಷರ.
ಅದರ ಬೆನ್ನಿಗೇ, ಎಲೆಯ ಸಂದಿಯಲ್ಲಿ,
ಆರು ವರ್ಷದಿಂದ ನನ್ನ ಕೈಗೆ ಸಿಗದ ಆ ಕೆಂಪು.
"ಏನು ನೋಡ್ತಾ ನಿಂತೆ?" ಅಂದಳು ಮನೆಯಾಕೆ.
"ಬಣ್ಣ."
ಎರಡು ಕಿತ್ತು ಕೈಗಿಟ್ಟಳು.

ಸೋಮವಾರ ಒಂದನ್ನು ಪರದೆಯ ಪಕ್ಕ ಇಟ್ಟುಕೊಂಡೆ.
ಇನ್ನೊಂದನ್ನು ದಾರಿಯಲ್ಲೇ ತಿಂದಿದ್ದೆ, ಉಪ್ಪೂ ಇಲ್ಲದೆ.