ಬೆರಳೆಣಿಕೆ

ಅರ್ಜಿಯ ಮೂರನೇ ಪುಟದಲ್ಲೊಂದು ಚೌಕ:
'ವಿದ್ಯಾರ್ಹತೆ'.
ದೊಡ್ಡ ಚೌಕವೇ. ಒಂದು ಬೆಕ್ಕು ಮಲಗಬಹುದು.
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ
ಟೀ ಮೇಲೆ ಕೆನೆ ಕಟ್ಟುವವರೆಗೆ.

ಓರಗೆಯವರು ಪರೀಕ್ಷೆ ಬರೆದ ಜೂನಿನಲ್ಲಿ
ನನಗೆ ದಿನ ತುಂಬಿತ್ತು.
ಡೀನ್ ಹುಟ್ಟಿದ, ಶಾಲೆ ಬಿಟ್ಟಿತು.
ಬಿಟ್ಟದ್ದು ನಾನಲ್ಲ, ಶಾಲೆಯೇ. ಇಷ್ಟು ಹೇಳಲು
ನನಗೆ ಇಪ್ಪತ್ತು ವರ್ಷ ಹಿಡಿಯಿತು.
ಆಮೇಲೆ ಗ್ರಿಮ್ಸ್‌ಬಿ ಹಡಗುಕಟ್ಟೆಯ ಹಿಂದೆ
ಮೀನಿನ ಕಾರ್ಖಾನೆ. ನಿಮಿಷಕ್ಕೆ ಐದು ಹ್ಯಾಡಕ್,
ಮುಳ್ಳು ಮುರಿಯದೆ, ಮಾಂಸ ಹರಿಯದೆ.
ಅದಕ್ಕೊಂದು ಚೌಕ ಇರಲಿಲ್ಲ.

ಫೋನಿನಲ್ಲಿ ಕಾಲೇಜಿನ ಹುಡುಗಿ, ಪಾಪ, ಒಳ್ಳೆಯವಳು.
"ನಲವತ್ಮೂರಾ? ಪರವಾಗಿಲ್ಲ.
ಮೂವರನ್ನು ಹೆತ್ತಿದ್ದೀರಾ? ಚೆನ್ನಾಯ್ತು.
ಆದರೆ ಅದು ಲೆಕ್ಕಕ್ಕೆ ಬರೋದಿಲ್ಲ.
ಮೊದಲು ಗಣಿತ ಪಾಸು ಮಾಡಿಕೊಳ್ಳಿ."
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕಕ್ಕೇ ಹೋದೆ.

ಮಂಗಳವಾರ ರಾತ್ರಿ, ಗ್ರಂಥಾಲಯದ ಮೇಲ್ಮಹಡಿ, ಐವರ್ ಮೇಷ್ಟ್ರು.
ಕೂದಲಿಗೆ ಮೀನು ನಾತ ಅಂತ ಕಿಟಕಿ ಪಕ್ಕ ಕೂರುತ್ತಿದ್ದೆ.
ಭಿನ್ನರಾಶಿ ಬಂದರೆ ಮೇಜಿನಡಿ, ಕದ್ದು,
ಬೆರಳು ಮಡಿಸುತ್ತಿದ್ದೆ.
ಏಳನೇ ವಯಸ್ಸಿಗೆ ಮಿಸೆಸ್ ಥ್ರೆಲ್‌ಫಾಲ್
"ಬೆರಳೆಣಿಸೋರು ಕೈ ಮೇಲೆ ಕೂತ್ಕೊಳ್ಳಿ" ಅಂದಿದ್ದಳು.
ಕೂತಿದ್ದೆ. ಇಷ್ಟು ವರ್ಷ.

ಮೇಷ್ಟ್ರು ಬಗ್ಗಿ ನೋಡಿದರು, ಬೈಯಲಿಲ್ಲ.
"ಪುಣ್ಯಕ್ಕೆ ಹತ್ತೂ ಇವೆಯಲ್ಲ," ಅಂದರು. "ಮೇಲೆ ಇಡು."

ಯಾಕಮ್ಮ ಈ ಹುಚ್ಚು ಅಂತಾರೆ. ರಸಾ ಕಾರಣ.
ಲಿಥುವೇನಿಯಾದವಳು, ಸಾಲಿನಲ್ಲಿ ನನ್ನ ಎಡಗಡೆಯ ಕತ್ತಿ.
ಗಂಡ ನಡುಗಡಲಿನ ಗಾಳಿಯಂತ್ರಗಳ ಮೇಲೆ
ಸಿಕ್ಕಿಕೊಂಡಿದ್ದ ರಾತ್ರಿ ಬೇನೆ ಹತ್ತಿತು; ನನ್ನನ್ನು ಕರೆದಳು.
ಬೆನ್ನು ನೀವಿದೆ. ಬೇರೇನು ಮಾಡಲೂ ತಿಳಿಯದೆ ನೀವಿದೆ.
ಹಿಮದಲ್ಲಿ ಬಂದಳು ಸೂಲಗಿತ್ತಿ,
ಕೋಟು ಬಿಚ್ಚಿದಳು, ಕೂಡಲೇ ಮುಟ್ಟಲಿಲ್ಲ:
ಎರಡೂ ಅಂಗೈ ಕಂಕುಳಲ್ಲಿಟ್ಟು
ಸುಮ್ಮನೆ ನಿಂತಳು, ಬೆಚ್ಚಗಾಗಲಿ ಅಂತ.
ಮಂಜುಗಡ್ಡೆಯಲ್ಲಿ ಮಾಗಿದ ನನ್ನ ಕೈಗಳು
ನಾಚಿ ಜೇಬಿಗಿಳಿದವು.

ಹೊಟ್ಟೆ ತಡವಿ, ಕೈತೊಳೆದು, ಗವಸು ತೊಟ್ಟು,
ಎರಡು ಬೆರಳು. ಕಣ್ಣು ಗೋಡೆಯ ಮೇಲೆ,
ದೂರದ ಸದ್ದು ಕೇಳುವವಳ ಹಾಗೆ.
"ನಾಲ್ಕು," ಅಂದಳು.
"ಇನ್ನು ಮೇಲೆ ಲೆಕ್ಕ. ಇಲ್ಲಿತನಕದ್ದು ಪೀಠಿಕೆ."
ರಸಾ ಅವರ ಭಾಷೆಯಲ್ಲಿ ಯಾರನ್ನೋ ಬೈದಳು.
ನಾನು ದಂಗಾಗಿ ನಿಂತಿದ್ದೆ:
ಬೆರಳಲ್ಲಿ ಎಣಿಸಿದಳಲ್ಲ ಇವಳು!
ಯಾರೂ ಕೈ ಮೇಲೆ ಕೂರು ಅನ್ನಲಿಲ್ಲವಲ್ಲ!

ಪರೀಕ್ಷೆಗೆ ಒಂದೇ ಹಾಲ್, ಒಂದೇ ಪ್ರಶ್ನೆಪತ್ರಿಕೆ:
ನನಗೂ, ನನ್ನ ಕೊನೆಯವಳು ಟಿಲ್ಲಿಗೂ.
ಮೂರು ಸಾಲು ಮುಂದೆ ಕೂತಿದ್ದಳು, ಅಪರಿಚಿತಳಂತೆ.
(ನಾನೇ ಹೇಳಿದ್ದೆ, ಗುರುತು ಹಿಡಿಯಬೇಡ ಅಂತ.)
ಕಾಗದ ತಿರುಗಿಸುವ ಮೊದಲು ಒಮ್ಮೆ ಹಿಂದೆ ನೋಡಿ
ಹತ್ತು ಬೆರಳು ಎತ್ತಿ ತೋರಿಸಿ
ಮತ್ತೆ ಅಪರಿಚಿತಳಾದಳು.

ಬಸ್ಸಿನಲ್ಲಿ ಕೇಳಿದಳು, "ಹನ್ನೊಂದನೇದಕ್ಕೆ ಎಷ್ಟು ಬಂತು?"
ನನ್ನದು ಅರವತ್ತು, ಅವಳದು ಆರು.
ಎರಡೂ ತಪ್ಪು ಅಂದರು ಐವರ್ ಮೇಷ್ಟ್ರು.

ಆಗಸ್ಟಿನಲ್ಲಿ ಲಕೋಟೆ. ಟಿಲ್ಲಿಗೆ ಏಳು.
ನನಗೆ ಪಾಸಿನ ಅಂಚು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ.
ರಸಾಗೆ ಫೋನು ಮಾಡಿದೆ. "ಎಷ್ಟು?" ಅಂದಳು.
"ನಾಲ್ಕು."
ಆ ಕಡೆ ಮಗು ಏನೋ ಬೀಳಿಸಿತು.
ತುಸು ಹೊತ್ತು ಮಾತಿಲ್ಲ. ಆಮೇಲೆ ನಕ್ಕಳು ನೋಡಿ,
ಲಿಥುವೇನಿಯಾಕ್ಕೂ ಕೇಳಿಸಿರಬೇಕು.

ನಾಳೆ ಐದಕ್ಕೆ ಪಾಳಿ.
ಅರ್ಜಿ ಮೇಜಿನ ಮೇಲಿದೆ, ಚೌಕ ಹಾಗೇ ಇದೆ.
ಬರೆಯುತ್ತೇನೆ, ತಡೆಯಿರಿ.
ಕೈ ಕಂಕುಳಲ್ಲಿದೆ.